ಹಗುರ ಕೊಡಲಿ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮವರು ಗೋಡೆ ಹಿಡಿದು, ಕಾಲೆಳೆಯುತ್ತ ಮೊದಲು ಹೋದದ್ದು ಹಿತ್ತಲಿಗೆ. ನೀರು ಕಾಯಿಸುವ ಬಂಬದ ಪಕ್ಕದ ಮೂಲೆ ನೋಡಿದರು. ಕೊಡಲಿ ಇರಲಿಲ್ಲ. ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಕೊಡಲಿಯನ್ನು ಹಳೇ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಹಾಕಿದ್ದು ನಮ್ಮ ಸೊಸೆ. ಪಾಪ, ಅವಳನ್ನು ಬೈಯುವ ಹಾಗಿಲ್ಲ. ಲಕ್ವಾ ಹೊಡೆದು ಮಾವನ ಬಲಗೈ ಸ್ವಾಧೀನ ತಪ್ಪಿದೆ, ಹಟ ಮಾತ್ರ ಗಟ್ಟಿಯಾಗಿಯೇ ಇದೆ, ಎಂದಾದರೂ ಕಾಲ ಮೇಲೆ ಹಾಕಿಕೊಂಡಾರು ಎಂದು ಹೆದರಿದ್ದಳು.

ಪುಣೆ ಹತ್ತಿರದ ದೇಹೂ ರೋಡಿನ ಈ ಮನೆಗೆ ಬಂದಾಗಿನಿಂದ ಬೆಳಗಿನ ಸ್ನಾನದ ನೀರು ಅವರದೇ ಕೆಲಸ. ನಡುವಿನ ಕೊಳವೆಯಲ್ಲಿ ಉರಿ ಹಾಕಿದರೆ ಸುತ್ತಲಿನ ನೀರು ಕಾಯುವ ತಾಮ್ರದ ಬಂಬ ನಮ್ಮದು. ಅವರು ಮಿಲಿಟರಿ ಡಿಪೋದಲ್ಲಿ ಗುಮಾಸ್ತರು, ದಿನವಿಡೀ ಕಾಗದದ ಮೇಲೆಯೇ ಸಾಮಾನು ಹೊತ್ತವರು. ಅದಕ್ಕೇ ಏನೋ, ಆಫೀಸಿಗೆ ಹೋಗುವ ಮೊದಲು ಬನಿಯನ್ನಿನಲ್ಲೇ ನಿಂತು ಒಂದಿಷ್ಟು ಕಟ್ಟಿಗೆ ಸೀಳದಿದ್ದರೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ರಿಟೈರ್ ಆದ ಮೇಲೂ ಹಾಗೆಯೇ ನಡೆದಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹಿಚುಕಲಿಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟುಹೋದಳು. ನಮ್ಮವರು ಅದನ್ನು ಮುಟ್ಟಲೂ ಇಲ್ಲ.

"ನಾ ಏನ್ ಸಣ್ಣ ಕೂಸ?" ಎಂದರು.

"ಕೂಸಾದ್ರ ಹೇಳಿದ್ ಕೇಳತಿತ್ರಿ," ಎಂದೆ.

ಮೊದಲಾಗಿದ್ದರೆ ಇದಕ್ಕೊಂದು ಖಾರದ ಉತ್ತರ ಬರುತ್ತಿತ್ತು. ಈಗ ಗೋಡೆ ಕಡೆ ಹೊರಳಿದರು. ಕೈ ಹೋದರೆ ಹೋಯಿತು, ಮನುಷ್ಯನೇ ಒಳಗೊಳಗೆ ಎದ್ದು ಹೋಗುತ್ತಿದ್ದಾನೆ ಎಂದು ನನಗೆ ಭಯ ಹತ್ತಿತು. ಚೆಂಡು ಹಿಡಿಯದ ಕೈ ಕೊಡಲಿಯನ್ನಾದರೂ ಹಿಡಿದೀತೇ ಎನ್ನಿಸಿದ್ದು ಆಗ.

ಹೊಸ ಕೊಡಲಿಯನ್ನು ಇಲ್ಲಿಯ ಅಂಗಡಿಯಲ್ಲೇ ನೋಡಿದ್ದೆ. ಹಳದಿ ಪ್ಲಾಸ್ಟಿಕ್ ಹಿಡಿಕೆ, ಬೆಲೆಯೂ ಜಾಸ್ತಿ. ನಮ್ಮವರು ಅಂಥದ್ದನ್ನು ಮೂಸಿಯೂ ನೋಡುವವರಲ್ಲ. ಒಂದು ರವಿವಾರ ಗುಡಿಗೆ ಹೋಗಿಬರುತ್ತೇನೆಂದು ಸೊಸೆಗೆ ಹೇಳಿ, ಲೋಕಲ್ ಹತ್ತಿ ಪುಣೆಯ ಜುನಾ ಬಜಾರಕ್ಕೆ ಹೋದೆ. ಹಳೆಯ ಬೀಗ, ಫ್ಯಾನಿನ ರೆಕ್ಕೆ, ಜೋಡಿಯಿಲ್ಲದ ಬೂಟು, ಎಲ್ಲ ರಸ್ತೆ ಬದಿಗೆ ಹರವಿದ್ದರು. ಕೊಡಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಕುಣಾಲಾ ಮಾರಾಯ್ಚಂ, ಆಜಿ?" ಯಾರನ್ನು ಹೊಡೆಯುವುದಿದೆ ಅಜ್ಜಿ ಎಂದು ಮಾರುವವನು ಮರಾಠಿಯಲ್ಲಿ ನಕ್ಕ.

"ನವರ‍್ಯಾಸಾಠೀ," ಎಂದೆ. ಗಂಡನಿಗಾಗಿ ಎಂದದ್ದು ಕೇಳಿ ಪಕ್ಕದ ಬೀಗದವನೂ ತಿರುಗಿ ನೋಡಿದ.

ದಪ್ಪ ಕೆನ್ನೆಯ ಒಂದು ಕೊಡಲಿಯನ್ನು ಮುಂದಿಟ್ಟ. ಎರಡೂ ಕೈ ಹಾಕಿದರೂ ನನ್ನಿಂದ ಹೆಗಲ ಮಟ್ಟಕ್ಕೆ ಎತ್ತಲಾಗಲಿಲ್ಲ. ಅದರಾಚೆ ಇನ್ನೊಂದಿತ್ತು. ತೆಳ್ಳಗಿನ ಬಾಯಿ, ಯಾರ ಯಾರದೋ ಕೈಯಾಡಿ ಕಪ್ಪಾಗಿ ನುಣುಪಾದ ಮರದ ಕಾವು, ಕಬ್ಬಿಣದ ಮೇಲೆ ಸವೆದುಹೋದ ವಿಲಾಯತಿ ಅಕ್ಷರ. ಒಂದೇ ಕೈಯಲ್ಲಿ ಎತ್ತಿದೆ, ಬಂತು. ನನ್ನ ಕೈಗೆ ಬಂದದ್ದು ಅವರ ಕೈಗೂ ಬಂದೀತು ಎಂದುಕೊಂಡೆ. ಬೆಲೆ ಹೊಸದರ ಅರ್ಧವೂ ಇರಲಿಲ್ಲ. ಚೀಲದಲ್ಲಿಟ್ಟು ಮೇಲೆ ಕೊತ್ತಂಬರಿ ಮುಚ್ಚಿದೆ. ಟ್ರೇನಿನಲ್ಲಿ ಜಾಗ ಬಿಟ್ಟುಕೊಡದೆ ಕೂತಿದ್ದ ಒಬ್ಬಳಿಗೆ ಸೊಪ್ಪು ಸ್ವಲ್ಪ ಸರಿಸಿ ತೋರಿಸಿದೆ. ಎದ್ದಳು.

ಮನೆಗೆ ಬಂದು ಕೊಡಲಿಯನ್ನು ನಮ್ಮವರ ತೊಡೆಯ ಮೇಲಿಟ್ಟೆ. ಎಡಗೈ ಹೆಬ್ಬೆರಳನ್ನು ಅದರ ಬಾಯಿಯ ಮೇಲೆ ಮೆಲ್ಲಗೆ ಆಡಿಸಿದರು.

"ಎಲ್ಲಿಂದ ತಂದಿ?"

"ಕದ್ದೀನ್ರಿ."

ತುಟಿಯ ಒಂದು ಬದಿ ಮಾತ್ರ ನಕ್ಕಿತು. ಈಗ ಅಷ್ಟೇ ನಗುವುದು. ಆದರೆ ಯಾರೂ ಹಿಡಿಯದೆ ತಾವೇ ಎದ್ದರು, ಹಿತ್ತಲಿಗೆ ನಡೆದರು.

"ಅತ್ತಿ, ನಿಮಗ ಬುದ್ಧಿ ಅದನೋ ಇಲ್ಲೋ?" ಎಂದು ಸೊಸೆ ಓಡಿಬಂದಳು.

"ಇದ್ದಷ್ಟ ಅದ. ನೀ ಒಳಗ ನಡಿ."

ಜಾಲಿಯ ತುಂಡೊಂದನ್ನು ನಿಲ್ಲಿಸಿಕೊಟ್ಟೆ. ಎಡಗೈಯಿಂದ ಕಾವು ಹಿಡಿದು, ಬಲಗೈಯನ್ನು ಎತ್ತಿ ಅದರ ಮೇಲಿಟ್ಟುಕೊಂಡರು. ಕೊಡಲಿ ತಲೆಯ ಮಟ್ಟಕ್ಕೆ ಏರಿತು. ಬಿತ್ತು. ತುಂಡು ಸೀಳಲಿಲ್ಲ, ಕೊಡಲಿ ಅದರೊಳಗೆ ಕಚ್ಚಿಕೊಂಡಿತು. ಜಗ್ಗಿದರು, ತಿರುವಿದರು. ತುಂಡು ಸಮೇತ ಎತ್ತಲು ಹೋದಾಗ ಬಲಗೈ ತಾನಾಗಿ ಜಾರಿ ಕೆಳಗೆ ಜೋತುಬಿತ್ತು. ಅದನ್ನೇ ನೋಡುತ್ತ ಬಂಬದ ಪಕ್ಕದ ಕುರ್ಚಿಯಲ್ಲಿ ಕೂತರು.

"ಇದು ಟೊಂಗಿ ಕಡಿಯೋ ಕೊಡಲಿ," ಎಂದರು. "ಸೀಳಾಕ ದಪ್ಪಂದು ಬೇಕು. ಸೀಳೋದು ಕೈ ಅಲ್ಲ, ಕೊಡಲಿ ಭಾರ."

"ದಪ್ಪಂದೂ ಇತ್ರಿ ಅಲ್ಲೆ. ಬರೋ ರವಿವಾರ ಬದಲಿ ಮಾಡಿ ತರ‍್ತೀನಿ."

ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಅದನ್ನ ಎತ್ತಾವ್ರು ಯಾರು?"

ಕಚ್ಚಿಕೊಂಡ ಕೊಡಲಿಯನ್ನು ನಾನೇ ಜಗ್ಗಿ ಬಿಡಿಸತೊಡಗಿದೆ.

ಒಳಗೆ ಹೋಗುವಾಗ ಹಿಂದಿರುಗಿ ನೋಡದೆ ಹೇಳಿದರು, "ನೀ ಒಡಿಯಾಕಿ ಇದ್ರ ನಡುವ ಹೊಡಿಬ್ಯಾಡ. ಅಂಚಿಗೆ ಹೊಡಿ. ಸಣ್ಣ ಸಣ್ಣ ಸೀಳು ತಗಿ."

ಅಂದಿನಿಂದ ಕಟ್ಟಿಗೆ ಒಡೆಯುವವಳು ನಾನು. ಅವರು ಹಿತ್ತಲಿಗೆ ಬರುವುದಿಲ್ಲ. ಆದರೆ ಹಾಸಿಗೆ ಪಕ್ಕದ ಕಿಟಕಿ ಈ ಕಡೆಗೇ ಇದೆ. ಅಂಚಿಗೆ ಬಿದ್ದ ಏಟಿನ ಸದ್ದು ಬೇರೆ, ನಡುವೆ ಕಚ್ಚಿಕೊಂಡ ಸದ್ದು ಬೇರೆ. ಕಚ್ಚಿಕೊಂಡಾಗ ಒಳಗಿನಿಂದ ಒಂದು ಕೆಮ್ಮು ಬರುತ್ತಿತ್ತು, ಆಫೀಸಿನಲ್ಲಿ ಕೈಕೆಳಗಿನವನು ತಪ್ಪು ಮಾಡಿದಾಗ ಕೆಮ್ಮುವಂಥದ್ದು. ಗೊತ್ತಾದ ಮೇಲೆ ನಾನು ಬೇಕೆಂದೇ ನಡುವೆ ಹೊಡೆಯತೊಡಗಿದೆ. ಒಮ್ಮೆಯಂತೂ "ಅಂಚಿಗೆ! ಕಿವಿ ಎಲ್ಲಿ ಇಟ್ಟೀ?" ಎಂದು ಕೂಗಿಯೇಬಿಟ್ಟರು. ಆ ದಿನ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ, ಅಷ್ಟು ಖುಷಿ.

ಈಚೆಗೆ ಕೆಮ್ಮು ಕಡಿಮೆಯಾಗಿದೆ. ಇವತ್ತು ಬೆಳಿಗ್ಗೆ ಸರಿಯಾಗಿ ನಡುವಿಗೇ ಹೊಡೆದೆ. ಕೊಡಲಿ ಕಚ್ಚಿಕೊಂಡಿತು. ಕಾವು ಹಿಡಿದುಕೊಂಡೇ ಕಾದೆ. ಕಿಟಕಿ ತೆರೆದೇ ಇತ್ತು. ಕೆಮ್ಮು ಬರಲಿಲ್ಲ. ಹೇಗೋ ಜಗ್ಗಿ ಬಿಡಿಸಿಕೊಂಡು ಮತ್ತೆ ನಡುವಿಗೇ ಹೊಡೆದೆ, ಇನ್ನೂ ಜೋರಾಗಿ.