ಪೇಪರಿನ ಅಂಚಿನಲ್ಲಿ ರೋಬೋಟು

ಬೀಜ ಮಾರುವ ಕೆಲಸದ ಮೇಲೆ ಹಂಪಾಪುರಕ್ಕೆ ಹೋದಾಗೆಲ್ಲ ಅಲ್ಲಿನ ಕಟಿಂಗ್ ಶಾಪಿನಲ್ಲಿ ಕೂರುತ್ತಿದ್ದೆ. ಆಗಿನ್ನೂ ಫೋನಿನಲ್ಲಿ ಕಾಮೆಂಟ್ ಹಾಕುವ ಕಾಲವಲ್ಲ. ಸರದಿಗೆ ಕಾಯುವವರು ಪೇಪರಿನ ಅಂಚಿನಲ್ಲೇ ಗೀಚುತ್ತಿದ್ದರು.

ಒಂದು ದಿನ ಕೂದಲು ಕತ್ತರಿಸುವ ರೋಬೋಟಿನ ಸುದ್ದಿ ಬಂದಿತ್ತು. ‘ಮಧ್ಯದಲ್ಲಿ ನಾವ್ ಸೀನಿದ್ರೆ ಕಿವಿ ಉಳ್ಕತದಾ?’ ಎಂದೊಬ್ಬ ಬರೆದಿದ್ದ. ‘ಊರ ಸುದ್ದಿ ಹೇಳ್ತದಾ?’ ಎಂದು ಇನ್ನೊಬ್ಬ. ನಾನೂ ಅಂಗಡಿಯವನ ಪರವಾಗಿ ‘ಇಂಥ ಮಿಷಿನ್ ಬೇಡವೇ ಬೇಡ’ ಎಂದು ಬರೆದು ಅವನಿಗೇ ತೋರಿಸಿದೆ.

ಆತ ಕತ್ತರಿ ನಿಲ್ಲಿಸಿದ. ‘ಬರ್ಲಿ ಬುಡಿ ಸಾ. ನನ್ ಕೂದ್ಲ ನಾನೇ ಕತ್ತರಿಸ್ಕಳಕಾಯ್ತದಾ? ತಿಂಗ್ಳಿಗೊಂದ್ಸಲ ಎದ್ರು ಕಟಿಂಗ್ ಶಾಪಿನವನ್ತಾವ ಹೋಗಿ ಕೂರೋದಾದ್ರೂ ತಪ್ತದೆ.’

ಈಗ ನನ್ನ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿಲ್ಲ. ಆದರೂ ಫೋನಿನಲ್ಲಿ ರೋಬೋಟಿನ ಸುದ್ದಿ ಬಂದರೆ, ಕೆಳಗಿನ ಕಾಮೆಂಟುಗಳಲ್ಲಿ ಆತನೇನಾದರೂ ಬರೆದಿದ್ದಾನಾ ಅಂತ ಕೊನೆತನಕ ಹುಡುಕುತ್ತೇನೆ.