ಹೆಗಲ ಮೇಲಿನ ಅರಿಶಿನ

ಬಂದೂಕಿನ ಹಿಂಬದಿಯ ಕಟ್ಟಿಗೆಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಡುವೆ ಸ್ವಲ್ಪ ಸಂದು ಬಿಟ್ಟರೂ ಅದು ಹಾರಿದಾಗ ಹಿಂದಕ್ಕೆ ಬಂದು ಬಡಿಯುತ್ತದೆ, ಬಡಿದ ಜಾಗ ಕಪ್ಪಾಗುತ್ತದೆ. ಅಣ್ಣ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದ. ಆದರೆ ಬಂದೂಕನ್ನು ಮಾತ್ರ ಎಂದೂ ನನ್ನ ಕೈಗೆ ಕೊಟ್ಟಿರಲಿಲ್ಲ.

ನಮ್ಮ ಹೊಲ ಇರುವುದು ಔರಾದ ತಾಲ್ಲೂಕಿನಲ್ಲಿ. ಕಡಲೆ ಚಿಗುರಿದರೆ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಬರುತ್ತದೆ. ಕುರಿ ದೊಡ್ಡಿಯ ಸುತ್ತ ನರಿ, ಒಮ್ಮೊಮ್ಮೆ ತೋಳ. ಬೆಳೆ ಕಾಯಲೆಂದು ಅಪ್ಪ ಒಂಟಿ ನಳಿಗೆಯ ಬಂದೂಕಿಗೆ ಲೈಸನ್ಸ್ ಮಾಡಿಸಿದ್ದ. ಅಪ್ಪ ಹೋದ ಮೇಲೆ ಅದು ಅಣ್ಣನ ಹೆಸರಿಗೆ ಬಂತು. ಅಣ್ಣ ಕೊರಳಲ್ಲಿ ಲಿಂಗ ಕಟ್ಟಿದವನು. ನಮ್ಮ ಮನೆಯಲ್ಲಿ ತತ್ತಿ ಕೂಡ ಒಡೆದವರಿಲ್ಲ. ಬಂದೂಕು ಅವನಿಗೆ ಸಪ್ಪಳ ಮಾಡುವ ಸಾಮಾನು, ಅಷ್ಟೇ.

ಅವನ ಬಂದೂಕಿನ ತೋಟಾಗಳಲ್ಲಿ ಹೆಚ್ಚಿನವು ಬರೀ ಮದ್ದಿನವು, ಢಂ ಅಂದು ಮುಗಿಯುವಂಥವು. ಛರ್ರಾ, ಅಂದರೆ ಸೀಸದ ಗುಂಡು, ತುಂಬಿದ್ದು ಒಂದೋ ಎರಡೋ ಇರುತ್ತಿತ್ತು, ಹುಚ್ಚು ಹಿಡಿದ ತೋಳ ಮೈಮೇಲೆ ಬಂದರೆ ಇರಲಿ ಎಂದು. ಅವಕ್ಕೆ ಕೆಂಪು ದಾರ ಕಟ್ಟಿಡುತ್ತಿದ್ದ, ಕೈಗೆ ಸಿಕ್ಕ ಕೂಡಲೇ ಗೊತ್ತಾಗಬೇಕೆಂದು. ಮನೆಯಲ್ಲಿ ಬಂದೂಕು ಒಂದು ಕಡೆ, ತೋಟಾ ಟ್ರಂಕಿನಲ್ಲಿ ಇನ್ನೊಂದು ಕಡೆ. ಬದು ದಾಟುವ ಮೊದಲು ನಳಿಗೆ ಮಡಚಿ ತೋಟಾ ಹೊರಗೆ ತೆಗೆಯಬೇಕು. ಎದುರಿಗೆ ಏನಿದೆ, ಅದರ ಹಿಂದೆ ಏನಿದೆ, ಎರಡೂ ಕಣ್ಣಿಗೆ ಕಾಣುವವರೆಗೆ ಬೆರಳು ಘೋಡಾದ ಹತ್ತಿರ ಹೋಗಬಾರದು. ಲೈಸನ್ಸ್ ಯಾರ ಹೆಸರಿಗಿದೆಯೋ ಬಂದೂಕು ಅವರ ಕೈಯಲ್ಲೇ ಇರಬೇಕು, ಒಡಹುಟ್ಟಿದವರಿಗೂ ಕೊಡಬಾರದು. ಬಂದೂಕಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಮಾತುಗಳನ್ನು ನೆನಪಿಟ್ಟುಕೊಳ್ಳಿರಿ. ನನ್ನವಲ್ಲ, ಅಣ್ಣನವು.

ಆ ಚಳಿಗಾಲದಲ್ಲಿ ಭಾಲ್ಕಿಯ ಹುಡುಗಿಯೊಂದಿಗೆ ನನ್ನ ಮದುವೆ ನಿಶ್ಚಯವಾಗಿತ್ತು. ಒಂದು ಮುಂಜಾನೆ ಇಬ್ಬರೂ ಹೊಲಕ್ಕೆ ಹೋದೆವು. ಬಾವಿಯ ಮೋಟರ್ ಹಚ್ಚಲು ಅಣ್ಣ ಕೆಳಗಿಳಿಯಬೇಕಿತ್ತು. ಬಂದೂಕನ್ನು ಬೇವಿನ ಟೊಂಗೆಗೆ ನೇತು ಹಾಕಿ, ತೋಟಾದ ಚೀಲವನ್ನೂ ಅಲ್ಲೇ ಬಿಟ್ಟ. ಬಂದೂಕನ್ನು ಬಿಟ್ಟು ಅವನು ಕಣ್ಮರೆಯಾದದ್ದು ಅದೊಂದೇ ಸಲ. ನಾನಿದ್ದೇನೆಂದು ಹೋದ.

"ಚಿಗರಿ ಬಂದರ ತಾಟ ಬಡಿ. ಬಂದೂಕ ಮುಟ್ಟಬ್ಯಾಡ. ಮದಿಮಗ ಇದ್ದಿ, ಕೈಕಾಲು ನೆಟ್ಟಗ ಇರ್ಲಿ," ಎಂದು ನಕ್ಕ.

ಮಂಜಿನೊಳಗಿಂದ ಚಿಗರಿಗಳು ಬಂದವು. ತಾಟು ನನ್ನ ಕಾಲಬಳಿಯೇ ಇತ್ತು. ನಾನು ಚೀಲಕ್ಕೆ ಕೈ ಹಾಕಿದೆ. ಮಂಜಿತ್ತು, ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಂಪು ದಾರ ಕಂಡಿತು. ಅದನ್ನು ಬಿಚ್ಚಿ ನೆಲಕ್ಕೆ ಬಿಸಾಕಿ ತೋಟಾ ತುಂಬಿದೆ. ಬೆಳೆ ತಿಂದವೆಂಬ ಸಿಟ್ಟೇನೂ ಇರಲಿಲ್ಲ. ಹೊಡೆದರೆ ಹ್ಯಾಗಿರುತ್ತದೆ ನೋಡಬೇಕಿತ್ತು, ಅಷ್ಟೇ. ಕೋಡಿಲ್ಲದ ಒಂದು ಹೆಣ್ಣು ಚಿಗರಿ ತಲೆ ಎತ್ತಿ ನನ್ನ ಕಡೆ ನೋಡಿತು. ಘೋಡಾ ಒತ್ತಿದೆ. ಹೆಗಲು ಸಿಡಿದಂತಾಯಿತು.

ಅಣ್ಣ ಓಡಿ ಬಂದ. ನನ್ನನ್ನು ಬಯ್ಯಲಿಲ್ಲ. ಚಿಗರಿಯ ಹತ್ತಿರ ಕುಳಿತು ಅದರ ಕುತ್ತಿಗೆಯ ಮೇಲೆ ಕೈ ಇಟ್ಟ. ಅದು ಸುಮ್ಮನಾಗುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಬೇವಿನ ಬುಡಕ್ಕೆ ಬಂದು ಕೆಂಪು ದಾರ ಎತ್ತಿಕೊಂಡು ಕಿಸೆಗೆ ಹಾಕಿದ.

ರಸ್ತೆಯಲ್ಲಿ ಹೋಗುವವರು ಯಾರೋ ಫೋನ್ ಮಾಡಿದ್ದರು. ಬಿಸಿಲೇರುವಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು.

"ಹೊಡದಾಂವ ಯಾರು?" ಎಂದರು ಸಾಹೇಬರು.

"ಬಂದೂಕ ಯಾರದು ಕೇಳ್ರಿ ಸಾಹೇಬ್ರ. ನಂದದ. ನಾನೇ ಹೊಡದೇನಿ," ಎಂದ ಅಣ್ಣ.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮದುವೆ ಮುರಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ವಾರದೊಳಗೆ ಜಾಮೀನು ಸಿಕ್ಕು ಬೀದರ ಜೈಲಿನಿಂದ ಅಣ್ಣ ಮನೆಗೆ ಬಂದದ್ದು ನನಗೆ ಅರಿಶಿನ ಹಚ್ಚುವ ದಿನ. ಬೀಗರು ಹಿಂದೆ ಸರಿದಿರಲಿಲ್ಲ. ತಪ್ಪು ಮಾಡಿದವನು ಅಣ್ಣ, ಹುಡುಗ ಒಳ್ಳೆಯವನು ಎಂದು ತಮ್ಮೊಳಗೇ ಸಮಾಧಾನ ಮಾಡಿಕೊಂಡಿದ್ದರು. ಮಣೆಯ ಮೇಲೆ ಕುಳ್ಳಿರಿಸಿ ಅಂಗಿ ಬಿಚ್ಚಿಸಿದರು. ಭಾಲ್ಕಿಯಿಂದ ಬಂದಿದ್ದ ಹುಡುಗಿಯ ಸೋದರತ್ತೆ ನನ್ನ ಬಲ ಹೆಗಲು ನೋಡಿ, "ಏನ್ರಿ ಇದು, ಹಿಂಗ ಕರ್ರಗಾಗ್ಯಾದ?" ಎಂದಳು.

ನಾನು ಹೆಗಲಿಗೆ ಕೈ ಅಡ್ಡ ಹಿಡಿದೆ.

"ತೊಗರಿ ಚೀಲ ಹೊತ್ತಾನ್ರಿ ಅಕ್ಕಾರ," ಎಂದ ಅಣ್ಣ ಹಿಂದಿನಿಂದ. "ಹೊರೂ ರೂಢಿ ಇಲ್ಲ. ಇನ್ನ ಮುಂದ ನೀವ ಕಲಿಸ್ರಿ."

ಹೆಂಗಸರೆಲ್ಲ ನಕ್ಕರು. ಅಣ್ಣ ಮುಷ್ಟಿ ತುಂಬ ಅರಿಶಿನ ತೆಗೆದುಕೊಂಡು ಆ ಕಲೆಯ ಮೇಲೆ ದಪ್ಪಗೆ ಮೆತ್ತಿದ. ಒತ್ತಿದಾಗ ನೋವಾಗಿ ಕಣ್ಣಲ್ಲಿ ನೀರು ಬಂತು. ಅವನು ಬಗ್ಗಿ ನನ್ನ ಕಿವಿಯಲ್ಲಿ, "ಗಟ್ಟಿ ಒತ್ತಿ ಹಿಡಿಬೇಕಂತ ಹೇಳಿದ್ದೆ ಇಲ್ಲ?" ಎಂದ.

ನಮ್ಮೂರ ಮಠದ ದಾಸೋಹದಲ್ಲಿ ಹುಗ್ಗಿ ಬಡಿಸುವ ಸೌಟು ಅಣ್ಣನ ಕೈಯಲ್ಲಿರುತ್ತಿತ್ತು. ಕೇಸಾದ ಮೇಲೆ ಜನ ಗುಸುಗುಸು ಅಂದರು, ಜೀವ ತೆಗೆದ ಕೈ ಎಂದು. ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ಅವನು ಸೌಟನ್ನು ನನಗೆ ಕೊಟ್ಟು ಪಂಕ್ತಿಯಲ್ಲಿ ಹೋಗಿ ಕುಳಿತ. ನಾನು ತೆಗೆದುಕೊಂಡೆ. ಬಂದೂಕು ಹಿಡಿದದ್ದಕ್ಕಿಂತ ಅದು ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ. ಪ್ರತಿ ತಾರೀಖಿಗೆ ಅವನು ಔರಾದದ ಕೋರ್ಟಿಗೆ ಹೋಗುತ್ತಿದ್ದ. ಬಸ್ ಹತ್ತಿಸಿ ನಾನು ಹಿಂದಿರುಗುತ್ತಿದ್ದೆ. ಶಿಕ್ಷೆ ಆಗಬಹುದು ಎಂದು ವಕೀಲರು ಹೇಳಿದ ದಿನವೂ ಹಾಗೆಯೇ ಹಿಂದಿರುಗಿದೆ.

ಈ ಶ್ರಾವಣದಲ್ಲಿ ಮಠದಲ್ಲಿ ಬಡಿಸುತ್ತಿದ್ದೆ. ಅಣ್ಣನ ಮಗ್ಗುಲಲ್ಲಿ ಕುಳಿತಿದ್ದ ಮುದುಕ ಕಾಕಾ ತಾಟು ಮುಂದೆ ಮಾಡಿ, "ತಮ್ಮಾ, ನಿಮ್ಮಣ್ಣಗ ಹುಗ್ಗಿ ಸೇರ್ತದೇನೋ? ಅವಗ ಚಿಗರಿ ರುಚಿ ಹತ್ಯಾದ," ಎಂದ.

ಪಂಕ್ತಿಯೆಲ್ಲ ನಕ್ಕಿತು. ಅಣ್ಣನೂ ನಕ್ಕ. "ರುಚಿ ನೋಡಲಾಕ ಎಲ್ಲಿ ಬಿಟ್ರು ಕಾಕಾ? ಜೀಪಿನಾಗ ಹಾಕ್ಕೊಂಡ ಹೋದ್ರು."

ಅವನು ಹಾಗೆ ನಕ್ಕದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಕಾಕಾ, ಹೊಡದಾಂವ ನಾನು," ಎಂದೆ.

"ಹುಚ್ಚ ಅದಾನ. ಮುಂದಕ್ಕ ನಡಿಯೋ," ಎಂದ ಅಣ್ಣ.

"ಅಣ್ಣ ಮೋಟರ್ ಹಚ್ಚಲಾಕ ಹೋಗಿದ್ದ. ಛರ್ರಾದ ತೋಟಾ ಆರಿಸಿ ತುಂಬದಾಂವ ನಾ. ಹೊಡದಾಂವ ನಾ."

ಕಾಕಾ ತಾಟನ್ನು ಹಿಂದಕ್ಕೆ ಎಳೆದುಕೊಂಡ. ಆಚೆಯವನೂ ಎಳೆದುಕೊಂಡ. ಎದುರಿನ ಸಾಲಿನಲ್ಲಿದ್ದ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದಳು. ಹುಗ್ಗಿಯ ಬಕೇಟು ಹಿಡಿದು ನಾನು ಎತ್ತ ಹೋಗಬೇಕೆಂದು ತಿಳಿಯದೆ ನಿಂತೆ. ಆಗ ಅಣ್ಣ ತನ್ನ ತಾಟನ್ನು ಮುಂದೆ ಹಿಡಿದ.

"ನನಗ ಹಾಕು. ಹಸಿವಾಗ್ಯಾದ."

"ಮುಂದಿನ ತಾರೀಖಿಗಿ ನಾನೂ ಬರ್ತೇನಿ ಅಣ್ಣಾ."

ಅವನು ತಾಟನ್ನು ಇನ್ನೂ ಮುಂದೆ ಚಾಚಿದ. ನಾನು ಬಡಿಸಿದ ಹುಗ್ಗಿ ಅವನ ಮೊಣಕಾಲ ಮೇಲೂ ಚೆಲ್ಲಿತು.

ಆ ತಾರೀಖು ಇನ್ನೂ ಬಂದಿಲ್ಲ. ಸೌಟು ಬೇರೆಯವರ ಕೈಗೆ ಹೋಗಿದೆ. ಹೆಂಡತಿ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ನಿನ್ನೆ ಅಣ್ಣ ತನ್ನ ಟ್ರಂಕು ತೆಗೆದು ಆ ಕೆಂಪು ದಾರವನ್ನು ನನಗೆ ಕೊಟ್ಟ. ಇದನ್ನು ಬಿಚ್ಚಿ ತೋಟಾ ತುಂಬಿದವನು ನಾನೆಂದು ವಕೀಲರಿಗೆ ತೋರಿಸಲು ಅದನ್ನು ಕೋರ್ಟಿಗೆ ಹಾಕಿಕೊಂಡು ಹೋಗುವ ಅಂಗಿಯ ಕಿಸೆಯಲ್ಲಿಟ್ಟಿದ್ದೇನೆ.