ಶಾಫ್ಟಿನಲ್ಲಿ ಉಳಿದ ಮೇಸ್ತ್ರಿ ಮೇಕೆ

ನಂದಿದುರ್ಗದ ನಮ್ಮ ಲೈನಿನಲ್ಲಿ ಗುಟ್ಟು ಅನ್ನುವುದು ಇಲ್ಲ. ಲೈನು ಅಂದರೆ ಚಿನ್ನದ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳು. ಎರಡು ಮನೆಗೆ ಒಂದೇ ನಡುಗೋಡೆ, ಅದೂ ತಗಡಿನ ಸೂರಿಗೆ ಮುಟ್ಟುವುದಿಲ್ಲ. ಈ ಮನೆಯಲ್ಲಿ ಯಾರಾದರೂ ಸೀನಿದರೆ ಪಕ್ಕದ ಮನೆಯಲ್ಲಿ ಹೊರಟು ನಿಂತವರು ಕೂತು ನೀರು ಕುಡಿದು ಹೋಗುತ್ತಾರೆ. ನಾನು ರಾಧ, ಹೊಲಿಗೆ ಮೆಷಿನ್ ಇಟ್ಟುಕೊಂಡು ಒಬ್ಬಳೇ ಇರುವವಳು. ಪಕ್ಕದ ಮನೆಯ ಕಲ್ಪನಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಗೋಡೆಯ ಮೇಲಿಂದ ಬಂದದ್ದು.

ಕಲ್ಪನ ಬೂದಿಕೋಟೆ ಕಡೆಯವಳು, ಹಸು ಕರೆದು ಬೆಳೆದವಳು. ನಾವು ಹತ್ತು ಮಾತಾಡಿದರೆ ಅವಳು ಒಂದಾಡುತ್ತಾಳೆ. ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದ ಸೀರೆಗಳನ್ನು ಮತ್ತೆ ಮಡಿಸಿಡುವುದು ಅವಳ ಕೆಲಸ. ಗಂಡ ಗಿರಿ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗಿ, ಸಂಜೆ ಅದೇ ರೈಲಿನಲ್ಲಿ ನೇತಾಡಿಕೊಂಡು ಬಂದರೂ ಅವನ ಬಾಯಿಗೆ ಮಾತ್ರ ದಣಿವಿರಲಿಲ್ಲ. ಮಗಳು ನವ್ಯಳಿಗೆ ಅವನು ದಿನಾ ಪುಸ್ತಕ ಓದಬೇಕು. ಅವನು ಓದುತ್ತಿದ್ದ, ಕಲ್ಪನ ಮಗುವಿಗೆ ಅನ್ನ ಕಲಸಿ ಬಾಯಿಗಿಡುತ್ತಿದ್ದಳು.

ನಗಿಸುವ ಸಾಹಸದ ಕಾದಂಬರಿಗಳೆಂದರೆ ಅವನಿಗೆ ಪ್ರಾಣ. ಕೊನೆಗೆ ಓದುತ್ತಿದ್ದದ್ದು ಮುರುಕು ಜೀಪಿನಲ್ಲಿ ನಿಧಿ ಹುಡುಕಲು ಹೊರಟ ಒಂದು ಸಂಸಾರದ ಕಥೆ. ಬಂಗಾರಪೇಟೆಯ ತಳ್ಳುಗಾಡಿಯಲ್ಲಿ ಕೊಂಡ ಹಳೇ ಪುಸ್ತಕ. ಕಳ್ಳರು ಹಿಂದೆ, ಅಜ್ಜಿ ಮುಂದಿನ ಸೀಟಿನಲ್ಲಿ, ಬ್ರೇಕು ಎಲ್ಲೂ ಇಲ್ಲ. ಅದರಲ್ಲೊಂದು ಮೇಕೆ, ಹೆಸರು ಮೇಸ್ತ್ರಿ. ಅದು ನಿಧಿಯ ನಕ್ಷೆಯನ್ನು ಅರ್ಧ ತಿಂದುಬಿಟ್ಟಿತ್ತು. ಉಳಿದರ್ಧ ದಾರಿ ಅದಕ್ಕೊಂದಕ್ಕೇ ಗೊತ್ತೆಂದು ಮನೆಮಂದಿಯೆಲ್ಲ ಅದರ ಬಾಲ ಹಿಡಿದು ನಡೆಯುತ್ತಿದ್ದರು. ಮೇಸ್ತ್ರಿ ಹುಕುಂ ಮಾಡುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಮೇವು ಬೇಕಾದಾಗ ಮಾತ್ರ ಕನ್ನಡದಲ್ಲಿ. ಗಿರಿ ಓದಲು ಕೂತನೆಂದರೆ ಲೈನಿನವರು ಟಿವಿ ಸದ್ದು ಇಳಿಸುತ್ತಿದ್ದರು. ಗಣಿಯಿಂದ ನಿವೃತ್ತರಾದ ಆರುಮುಗಂ ತಾತ ಆಚೆ ಮನೆಯಿಂದಲೇ ಮೇಕೆಗೆ ದಾರಿ ತೋರಿಸುತ್ತಿದ್ದರು. ಮೇಕೆಯದೇ ಎರಡನೇ ಭಾಗ ಬಂದಿದೆಯಾ ಎಂದು ಕೇಳಿ, ತಳ್ಳುಗಾಡಿಯವನಿಂದ ವಿಚಿತ್ರವಾಗಿ ನೋಡಿಸಿಕೊಂಡು ಬಂದವರೂ ಅವರೇ.

ಒಂದು ಸಂಜೆ ಮೇಸ್ತ್ರಿ ಕಳ್ಳರನ್ನು ಅಟ್ಟಿಸಿಕೊಂಡು ಹಾಳು ಗಣಿಯಲ್ಲಿ ಆಳುಗಳನ್ನು ಇಳಿಸುವ ಕೇಜು ಹತ್ತಿ, ಬಾವಿಯಂಥ ಶಾಫ್ಟಿಗೆ ಇಳಿಯಿತು. ಅರ್ಧಕ್ಕೆ ಹಗ್ಗ ಸಿಕ್ಕಿಕೊಂಡಿತು. ನಾಳೆ ಎಲ್ಲರೂ ಸೇರಿ ಎಳೆಯೋಣ ಎಂದು ಗಿರಿ ಪುಸ್ತಕ ಮುಚ್ಚಿದ. ಮರುದಿನ ರೈಲಿಳಿದವನು ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಲ್ಪನಳಿಗೆ ಏನೂ ಆಗಲಿಲ್ಲ. ಆದದ್ದೇ ಅದು. ತಿಥಿ ಮುಗಿಸಿ ಅಂಗಡಿಗೆ ಹೋದಳು, ಸೀರೆ ಮಡಿಸಿದಳು, ಬಂದಳು. ಹಾಲು ಉಕ್ಕಿ ಒಲೆ ಆರಿದರೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಒಮ್ಮೆ ಬಟ್ಟೆ ಒಗೆಯುವಾಗ ಕೈ ಕುಯ್ದುಕೊಂಡು, ನೀರು ಕೆಂಪಾದುದನ್ನು ನಾನು ತೋರಿಸಿದ ಮೇಲೆ ನೋಡಿಕೊಂಡಳು. ನೋವಾಗುತ್ತಿಲ್ಲವೇ ಎಂದರೆ ಗೊತ್ತಿಲ್ಲಕ್ಕ ಎಂದಳು. ಮಾತನಾಡಿಸಲು ಬಂದ ನೆಂಟರು ಧೈರ್ಯ ತಂದುಕೋ ಎಂದು ಹೇಳಿ, ಕಾಫಿ ಕುಡಿದು, ಬಾಗಿಲಾಚೆ ಹೋಗಿ ಗಟ್ಟಿಗಿತ್ತಿ ಬಿಡು ಎಂದರು. ನನಗೆ ಮೈಯೆಲ್ಲ ಉರಿಯಿತು. ಮರಗಟ್ಟಿದವಳನ್ನು ಕಂಡರೆ ಗಟ್ಟಿಗಿತ್ತಿಯ ಹಾಗೆ ಕಾಣುವ ಕಣ್ಣು ಏನು ಕಣ್ಣೋ.

ಇಷ್ಟರಲ್ಲಿ ನವ್ಯ ರಾತ್ರಿಯ ಊಟ ಬಿಟ್ಟಳು. ಒಂದೆರಡು ತುತ್ತು ತಿಂದ ಶಾಸ್ತ್ರ ಮಾಡಿ ತಟ್ಟೆ ಸರಿಸುತ್ತಿದ್ದಳು. ಮಗು ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಯೂನಿಫಾರಂ ಸೊಂಟದ ಹತ್ತಿರ ನಾನೇ ಎರಡು ಸಲ ಹಿಡಿದು ಹೊಲಿದೆ. ಯಾಕೆ ತಿನ್ನೋದಿಲ್ಲ ಎಂದು ಗದರಿ ಕೇಳಿದ್ದಕ್ಕೆ, "ಮೇಸ್ತ್ರಿ ಇನ್ನೂ ಕೆಳಗೇ ಐತೆ ಆಂಟಿ," ಎಂದಳು.

ಅದನ್ನು ಕಲ್ಪನಳಿಗೆ ಹೇಳಿದೆ. ಮೇಕೆ ಮೇಲೆ ಬಂದರೆ ಮಗು ತಿನ್ನುತ್ತದೆ, ಕೂತು ಓದು ಎಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು.

"ರಾಧಕ್ಕ, ಇದ್ರಾಗೆ ಮೇಕೆನೇ ಇಲ್ಲ."

ನಾನು ನಂಬಲಿಲ್ಲ. ಹೊಲಿಗೆ ಬದಿಗಿಟ್ಟು ಮೊದಲಿಂದ ಕೊನೆವರೆಗೆ ತಿರುವಿದೆ. ಜೀಪು ಇತ್ತು, ಅಜ್ಜಿ ಇದ್ದಳು, ಕಳ್ಳರಿದ್ದರು, ನಕ್ಷೆ ಪೂರ್ತಿ ಇತ್ತು. ಮೇಕೆಯ ಕೂದಲೂ ಇರಲಿಲ್ಲ. ಗಣಿಯೂ ಇರಲಿಲ್ಲ, ನಿಧಿ ಸಿಕ್ಕಿದ್ದು ಸಮುದ್ರದ ದಂಡೆಯಲ್ಲಿ. ಆರುಮುಗಂ ತಾತನಿಗೆ ಕೋಪ ಬಂತು. ಹಾಳೆ ಹರಿದಿರಬೇಕೆಂದು ಪುಸ್ತಕದ ಬೆನ್ನು ಬೆಳಕಿಗೆ ಹಿಡಿದು ನೋಡಿದರು. ಹರಿದಿರಲಿಲ್ಲ. ಇಷ್ಟು ದಿನ ಇಡೀ ಲೈನು ಕೇಳಿ ನಕ್ಕಿದ್ದು ಗಿರಿಯ ತಲೆಯೊಳಗಿದ್ದ ಮೇಕೆಯನ್ನು. ಅದನ್ನು ಹೇಗೆ ಮೇಲೆ ತರುವುದೆಂದು ಗೊತ್ತಿದ್ದವನು ಅವನೊಬ್ಬನೇ. ನನಗೆ ತುಂಬ ಸಂಕಟವಾಯಿತು. ಕಲ್ಪನ ಮಾತ್ರ, ಅಂಗಡಿಯಲ್ಲಿ ಯಾರೋ ಬೇಡವೆಂದು ಬಿಟ್ಟುಹೋದ ಸೀರೆ ನೋಡುವ ಹಾಗೆ, ಪುಸ್ತಕ ನೋಡುತ್ತ ನಿಂತಿದ್ದಳು.

ಆ ಸಂಜೆ ಅವಳು ಅನ್ನ ಕಲಸಿಕೊಂಡು ಮಗಳ ಮುಂದೆ ಕೂತಳು. ಪುಸ್ತಕ ಬಿಚ್ಚಿದ ಸದ್ದು ನನಗೆ ಕೇಳಿಸಿತು. ಲೈನಿನ ಟಿವಿಗಳು ಒಂದೊಂದಾಗಿ ಸದ್ದು ಇಳಿಸಿದವು. ಕಲ್ಪನ, ಗಿರಿ ಮೇಸ್ತ್ರಿಗೆಂದು ತೆಗೆಯುತ್ತಿದ್ದ ದನಿ ತೆಗೆದು, ಹಗ್ಗ ಎಲ್ಲಿ ಎಂದು ತೆಲುಗಿನಲ್ಲಿ ಕಳ್ಳರನ್ನು ಬೈದಳು. ಅವಳಿಗೆ ಆ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಿರಿಯೇ ಕೂತು ಹೇಳಿದ ಹಾಗಿತ್ತು. ಯಾರೂ ನಗಲಿಲ್ಲ. ಆರುಮುಗಂ ತಾತನ ಕೆಮ್ಮು ಕೂಡ ನಿಂತಿತು.

"ಅಪ್ಪನ ತರ ಬ್ಯಾಡಮ್ಮ," ಎಂದಳು ನವ್ಯ. "ನಿನ್ ತರಾನೇ ಮಾತಾಡ್ಸು."

ಕಲ್ಪನ ಪುಸ್ತಕ ಮುಚ್ಚಿದ್ದು ಕೇಳಿಸಿತು. ಆಮೇಲೆ ಏರಿಳಿತವಿಲ್ಲದ ತನ್ನದೇ ದನಿಯಲ್ಲಿ ಕಥೆ ಹೇಳಿದಳು. ಲೈನಿನವರೆಲ್ಲ ಬಂದು ಹಗ್ಗ ಎಳೆದರು. ಆರುಮುಗಂ ತಾತ ಮುಂದೆ, ರಾಧ ಆಂಟಿ ಅವರ ಹಿಂದೆ. ಕೇಜು ಕಿರುಗುಟ್ಟುತ್ತ ಮೇಲೆ ಬಂತು. ಮೇಸ್ತ್ರಿ ಇಳಿದು ನೆಲದ ಮೇಲೆ ನಿಂತಿತು. ಎಲ್ಲರೂ ಅದಕ್ಕೆ ಸೊಪ್ಪು ಹಿಡಿದರು. ಅದು ಮೂಸಿಯೂ ನೋಡಲಿಲ್ಲ.

"ಯಾಕೆ?" ಎಂದಳು ನವ್ಯ.

"ನಂಗೆ ಅಸಿವೇ ಆಗಲ್ಲ ಕಣಮ್ಮಿ," ಎಂದಿತು ಮೇಸ್ತ್ರಿ, ಬೂದಿಕೋಟೆಯ ಕನ್ನಡದಲ್ಲಿ. "ಕೆಳಗೆ ಎಂಗಿದ್ನೋ ಮೇಲೂ ಅಂಗೇ ಅದೀನಿ. ಎಲ್ರೂ ಎಳೆದ್ರು ಅಂತ ಬಂದೆ."

ಗೋಡೆಯ ಈಚೆ ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆಚೆ ತಟ್ಟೆ ಎಳೆದುಕೊಂಡ ಸದ್ದಾಯಿತು.

"ಒಂದು ತುತ್ತು ತಿನ್ನು ಮೇಸ್ತ್ರಿ," ಎಂದಳು ನವ್ಯ. "ನೀನು ತಿಂದ್ರೆ ನಾನೂ ತಿಂತೀನಿ. ಬಾಯಿ ತೆಗಿ, ಆ ಅನ್ನು."

ಅಗಿಯುವ ಸದ್ದು ಗೋಡೆ ದಾಟುವುದಿಲ್ಲ. ನಾನು ಕಾದು ಕೂತಿದ್ದೆ.

"ಇದ್ರಾಗೆ ಉಪ್ಪೇ ಇಲ್ವಲ್ಲೇ," ಎಂದಳು ಕಲ್ಪನ.

"ದಿನಾನೂ ಇರಲ್ಲ ಕಣಮ್ಮ."

ಕಲ್ಪನ ಎದ್ದು ಅಡುಗೆ ಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಆಮೇಲೆ ಅವಳು, ಇಡೀ ಲೈನಿಗೆ ಕೇಳುವ ಹಾಗೆ, ಅತ್ತಳು.